ಗುಂಡಿಗೆ ಸಾಕಾದ ಪಾಠ ಹೆಸರಿಗೆ ಸಾಲದು

ವಿಷುಯಲ್ ಬೇಸಿಕ್‌ನಲ್ಲಿ ಪ್ರೋಗ್ರಾಮಿಂಗ್ ಕಲಿತವರಿಗೆ ಮೊದಲ ಪಾಠ ನೆನಪಿರಬಹುದು. ಫಾರಂ ಮೇಲೆ ಒಂದು ಟೆಕ್ಸ್ಟ್ ಬಾಕ್ಸ್, ಕೆಳಗೊಂದು ಗುಂಡಿ. ಗುಂಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ‘ಕಮಾಂಡ್1_ಕ್ಲಿಕ್’ ಎಂಬ ಖಾಲಿ ಚೌಕಟ್ಟು ತೆರೆದುಕೊಳ್ಳುತ್ತಿತ್ತು. ಅದರೊಳಗೆ ನಾಲ್ಕು ಸಾಲು ಬರೆದರೆ ಪ್ರೋಗ್ರಾಂ ಸಿದ್ಧ. 1991ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಭಾಷೆ ಒಂದು ದೊಡ್ಡ ಕಲ್ಪನೆಯನ್ನು ಸುಲಭವಾಗಿ ಮನದಟ್ಟು ಮಾಡಿಸಿತು. ಹಳೆಯ ಬೇಸಿಕ್‌ನ ‘ಇನ್‌ಪುಟ್’ ಆದೇಶದಲ್ಲಿ ಗಣಕ ಪ್ರಶ್ನೆ ಕೇಳುತ್ತಿತ್ತು. ಅದು ಕೇಳಿದ ಕ್ರಮದಲ್ಲೇ ನಾವು ಉತ್ತರಿಸಬೇಕಿತ್ತು. ಇಲ್ಲಿ ಕ್ರಮ ಬಳಕೆದಾರರದು. ಗಣಕ ಘಟನೆಗಾಗಿ ಕಾಯುತ್ತದೆ.

ಗುಂಡಿಯ ಮಟ್ಟಿಗೆ ಈ ಪಾಠದಲ್ಲಿ ಕುಂದಿಲ್ಲ. ಪಠ್ಯದ ವಿಷಯದಲ್ಲಿ ಮಾತ್ರ ಅದು ಅರ್ಧಕ್ಕೇ ನಿಲ್ಲುತ್ತದೆ. ಹೆಸರಿನಲ್ಲಿ ಅಕ್ಷರಗಳಷ್ಟೇ ಇರಬೇಕೆಂದರೆ, ‘ಕೀಪ್ರೆಸ್’ ಘಟನೆಯಲ್ಲಿ ಆಸ್ಕಿ ಸಂಖ್ಯೆ 65ರಿಂದ 90 ಅಥವಾ 97ರಿಂದ 122ರೊಳಗೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತಿರಸ್ಕರಿಸುವುದು ರೂಢಿಯ ಪರಿಹಾರ. ಒಂದು ಕೀಲಿಗೆ ಒಂದು ಅಕ್ಷರ ಎಂಬ ನಂಬಿಕೆ ಇದರ ಬುಡದಲ್ಲಿದೆ. ಕನ್ನಡಕ್ಕೆ ಅದು ಹೊಂದುವುದಿಲ್ಲ. 1998ರ ಆರನೆಯ ಆವೃತ್ತಿ ಪಠ್ಯವನ್ನು ಒಳಗೆ ಯೂನಿಕೋಡ್‌ನಲ್ಲೇ ಇಟ್ಟುಕೊಂಡರೂ ಅದರ ಟೆಕ್ಸ್ಟ್ ಬಾಕ್ಸ್ ಹಳೆಯ ಆನ್ಸಿ ಸಂಕೇತಪಟ್ಟಿಯನ್ನೇ ನಂಬಿತ್ತು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲವಾದ್ದರಿಂದ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು!

ಮುಂದೆ ಉಪಕರಣ ಬದಲಾಯಿತು, ಅಭ್ಯಾಸ ಅಷ್ಟಾಗಿ ಬದಲಾಗಲಿಲ್ಲ. ಜಾವಾಸ್ಕ್ರಿಪ್ಟ್ ಕಲಿಯುವವರು ಈಗಲೂ ‘ಕೀಡೌನ್’ ಹಿಡಿದು ಹೊರಡುವುದುಂಟು. ಆಂಡ್ರಾಯ್ಡ್ ಫೋನಿನ ಕೀಲಿಮಣೆಯಾದರೋ ಹಲವು ವೇಳೆ ಯಾವ ಅಕ್ಷರ ಒತ್ತಿದರೂ 229 ಎಂಬ ಒಂದೇ ಸಂಖ್ಯೆ ಕೊಡುತ್ತದೆ. ಮೌಸ್‌ನಿಂದ ಅಂಟಿಸಿದ, ಮಾತಿನಿಂದ ಮೂಡಿದ ಪಠ್ಯಕ್ಕೆ ಕೀಲಿಯೇ ಇಲ್ಲ. ಪಠ್ಯ ಹೇಗೇ ಬಂದಿರಲಿ, ಪೆಟ್ಟಿಗೆಯಲ್ಲಿ ಬದಲಾವಣೆಯಾಯಿತೆಂದು ತಿಳಿಸುವ ‘ಇನ್‌ಪುಟ್’ ಘಟನೆಯನ್ನೇ ಇಲ್ಲಿ ಬಳಸಬೇಕು.

ಇನ್ನು ಉದ್ದದ ಲೆಕ್ಕ. ‘ಲಕ್ಷ್ಮಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವ ನಮಗೆ ಎರಡಕ್ಷರ. ಯೂನಿಕೋಡ್‌ಗೆ ಅದು ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು ಹೀಗೆ 7 ಸಂಕೇತ. ಎಚ್‌ಟಿಎಂಎಲ್‌ನ ‘ಮ್ಯಾಕ್ಸ್‌ಲೆಂತ್’ ಎಣಿಸುವುದೂ 7. ಯುಟಿಎಫ್-8ರಲ್ಲಿ ಶೇಖರಿಸಿದರೆ ಸಂಕೇತಕ್ಕೆ 3ರಂತೆ 21 ಬೈಟು. ‘ಹೆಸರು 20 ಅಕ್ಷರ ಮೀರದಿರಲಿ’ ಎಂದು ಫಾರಂ ಹೇಳಿ, ಹಿಂದಿನ ಕಡತದಲ್ಲಿ 20 ಬೈಟಿನ ಜಾಗವಿಟ್ಟಿದ್ದರೆ ಈ ಎರಡಕ್ಷರದ ಹೆಸರೂ ಹಿಡಿಸದು. 20ಕ್ಕೆ ಕತ್ತರಿಸಿದರೆ ಗುಡಿಸು ಮುರಿದು, ‘ಲಕ್ಷ್ಮ’ದ ಬಾಲದಲ್ಲಿ ಕಸ ಉಳಿಯುತ್ತದೆ. ಗುಂಡಿ ಮಾತ್ರ ಸರಿಯಾಗಿಯೇ ಕೆಲಸ ಮಾಡಿರುತ್ತದೆ!

ಮುಂದಿನ ಪ್ರಯೋಗದ ತರಗತಿಯಲ್ಲಿ ವಿದ್ಯಾರ್ಥಿಗಳ ಫಾರಂಗೆ ಈ ಹೆಸರನ್ನೇ ಕೊಟ್ಟು ನೋಡಿ: ಒಮ್ಮೆ ಟೈಪ್ ಮಾಡಿ, ಒಮ್ಮೆ ಅಂಟಿಸಿ, ಒಮ್ಮೆ ಫೋನಿನಿಂದ.