ಕೈ ಯಾರದು, ಕಲಿಕೆ ಯಾರದು?

ಇಂಜಿನಿಯರಿಂಗ್ ಶಿಕ್ಷಣವನ್ನು ಉದ್ಧಾರ ಮಾಡಲು ಹೊರಟ ಮಹಾಶಯರ ಬಾಯಲ್ಲಿ ಈಗ ಮೂರು ಮಾತು ಓಡಾಡುತ್ತಿವೆ. ಕೈಯಾರೆ ಮಾಡಿ ಕಲಿಯುವುದು. ಮೆಂಟರಿಂಗ್, ಅಂದರೆ ಹಿರಿಯರೊಬ್ಬರು ಕೈಹಿಡಿದು ನಡೆಸುವುದು. ಎಲ್ಲರನ್ನೂ ಒಳಗೊಂಡ ಸಹಭಾಗಿತ್ವ. ಸುತ್ತೋಲೆಗಳಲ್ಲಿ, ಕಾಲೇಜುಗಳ ಬಣ್ಣದ ಪುಸ್ತಿಕೆಗಳಲ್ಲಿ, ಸೆಮಿನಾರಿನ ಬ್ಯಾನರುಗಳಲ್ಲಿ ಎಲ್ಲ ಕಡೆ ಇವೇ. ಈ ಮಾತುಗಳು ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪದ್ಯವನ್ನೋ ಕಾದಂಬರಿಯನ್ನೋ ಎತ್ತಿಕೊಂಡಾಗ ಇದು ಯಾರ ಅನುಭವ, ಯಾರನ್ನು ಹೊರಗೆ ನಿಲ್ಲಿಸಿದೆ ಎಂದು ಕೇಳುವ ನಾವು, ಈ ಮಾತುಗಳನ್ನೂ ಹಾಗೇ ಹಿಡಿದು ನಿಲ್ಲಿಸಿ ಕೇಳಬೇಕಾಗಿದೆ. ಕೈ ಅಂದ್ರೆ ಯಾರ ಕೈ?

ಅಂಕೋಲಾ ತಾಲ್ಲೂಕಿನ ಭಾವಿಕೇರಿಯಲ್ಲಿ ನಿಂತು ಕೇಳೋಣ. ಪಕ್ಕದಲ್ಲೇ ಕೇಣಿಯ ಕಡಲು. ವಿಮಾನ ನಿಲ್ದಾಣಕ್ಕೆಂದು ಅಲಗೇರಿ, ಬೆಲಸೆ, ಭಾವಿಕೇರಿಗಳ ಜಮೀನಿನ ಮೇಲೆ ಸರ್ಕಾರದ ಕಣ್ಣು ಬಿತ್ತು. ಕೇಣಿಯಲ್ಲಿ ಬಂದರು ಕಟ್ಟುವ ಹಕ್ಕು 2023ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಗೆ ಸಿಕ್ಕಿತು. 2025ರಲ್ಲಿ ಮೀನುಗಾರರು ಬೀದಿಗಿಳಿದರು. ಇಂಥ ಊರಿನ ಮಕ್ಕಳು ಇಂಜಿನಿಯರನ್ನು ಮೊದಲು ಕಾಣುವುದು ಶಾಲೆಯ ಪುಸ್ತಕದಲ್ಲಲ್ಲ, ಗದ್ದೆಯ ಬದುವಿನ ಮೇಲೆ. ಮೂರು ಕಾಲಿನ ಯಂತ್ರದೊಂದಿಗೆ ಬರುತ್ತಾನೆ, ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ಗೂಟ ಬಡಿಯುತ್ತಾನೆ, ಹೋಗುತ್ತಾನೆ. ಗದ್ದೆಯವನ ಜತೆ ಮಾತಾಡುವ ಕೆಲಸ ಅವನ ಸಿಲೆಬಸ್‌ನಲ್ಲಿ ಇಲ್ಲ.

ಹಾಗಾದರೆ ಈ ಸೀಮೆಯವರಿಗೆ ಇಂಜಿನಿಯರಿಂಗ್ ಗೊತ್ತಿಲ್ಲವೆ? ಆಗೇರ ಎಂಬ ಜಾತಿಯ ಹೆಸರಿನೊಳಗೇ ಉಪ್ಪಿನ ಆಗರವಿದೆ. ಉಪ್ಪು ಮಾಡುವುದು ನೀರನ್ನು ಬಿಸಿಲಿಗೆ ಬಿಟ್ಟು ಕೂತುಕೊಳ್ಳುವ ಕೆಲಸ ಅಲ್ಲ. ಸಮುದ್ರದ ನೀರನ್ನು ಮಡಿಯಿಂದ ಮಡಿಗೆ ಸರಿಸಬೇಕು. ಬೋಮೆ ಮಾಪಕ ಸುಮಾರು 25 ಡಿಗ್ರಿ ತೋರಿಸುವ ಹೊತ್ತಿಗೆ ಉಪ್ಪು ಹರಳುಗಟ್ಟಲು ಶುರುವಾಗುತ್ತದೆ. 29–30ರ ಹತ್ತಿರ ಹೋದರೆ ಮೆಗ್ನೀಸಿಯಂ ಲವಣಗಳ ಕಹಿ ಸೇರಿ ಮಾಲು ಕೆಡುತ್ತದೆ. ಅಷ್ಟರೊಳಗೆ ಆ ಕಹಿನೀರನ್ನು ಹೊರಗೆ ಬಿಡಬೇಕು. ರಸಾಯನ ಇಂಜಿನಿಯರಿಂಗಿನ ವಿದ್ಯಾರ್ಥಿ ಇದನ್ನು ಸೆಮಿಸ್ಟರಿನಲ್ಲಿ ಓದಿ ಪರೀಕ್ಷೆ ಬರೆಯುತ್ತಾನೆ. ಸಾಣಿಕಟ್ಟೆಯ ಆಗರದಲ್ಲಿ ಹಲಿಗೆ ಹಿಡಿದು ಉಪ್ಪು ಎಳೆಯುವವರಿಗೆ ಅದು ನೀರಿನ ಬಣ್ಣದಲ್ಲಿ, ಬೆರಳಿಗೆ ಹತ್ತುವ ಜಿಡ್ಡಿನಲ್ಲಿ ಗೊತ್ತಾಗುತ್ತದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಕಾನೂನು ಮುರಿದವರ ಫೋಟೋಗಳು ಗೋಡೆಯ ಮೇಲಿವೆ, ಇರಲಿ, ಅದು ನ್ಯಾಯವೇ. ತಲೆತಲಾಂತರದಿಂದ ಉಪ್ಪು ಮಾಡಿದ ಕೈಗಳಿಗೆ ಯಾವ ಗೋಡೆ?

ಗಜನಿಯ ಮಾತು ಇನ್ನೂ ದೊಡ್ಡದು. ಅಂಕೋಲಾ-ಕುಮಟಾ ಕರಾವಳಿಯಲ್ಲಿ ನದಿ ಸಮುದ್ರ ಸೇರುವಲ್ಲಿ ತಗ್ಗು ಗದ್ದೆಗಳಿವೆ. ಅಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಆ ಗದ್ದೆ ಉಳಿಯುವುದು ಕೆಸರಿನ ಒಡ್ಡಿನಿಂದ, ಒಡ್ಡಿನ ಬಾಯಲ್ಲಿರುವ ಹಲಿಗೆಯ ತೂಬಿನಿಂದ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹೆಚ್ಚುಕಮ್ಮಿ 12 ಗಂಟೆ 25 ನಿಮಿಷ. ಅಂದರೆ ತೂಬಿನ ಹೊತ್ತು ದಿನದಿನವೂ ಜಾರುತ್ತದೆ. ಅಮಾವಾಸ್ಯೆ-ಹುಣ್ಣಿಮೆಗೆ ನೀರಿನ ಎತ್ತರವೇ ಬೇರೆ. ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು, ಒಡ್ಡು ಎಲ್ಲಿ ಒಸರುತ್ತಿದೆ, ಏಡಿ ಎಲ್ಲಿ ತೂತು ಕೊರೆದಿದೆ, ಆ ತೂತು ಎಷ್ಟು ಹೊತ್ತಿಗೆ ಒಡ್ಡನ್ನೇ ಒಯ್ಯುತ್ತದೆ, ಇದೆಲ್ಲ ರಾತ್ರಿ ಕಂದೀಲು ಹಿಡಿದು ಒಡ್ಡು ಕಾಯ್ದವನಿಗೆ ಗೊತ್ತು. ಹೀಗೆ ಮಣ್ಣಿನೊಳಗೆ ನೀರು ದಾರಿ ಮಾಡಿಕೊಳ್ಳುವುದನ್ನು ಕಾಲೇಜಿನ ಪುಸ್ತಕ 'ಪೈಪಿಂಗ್' ಅನ್ನುತ್ತದೆ. ಒಡ್ಡಿಗೆ ಕೆಸರು ಹೊತ್ತವರು ಗೇಣಿದಾರರು, ಕೂಲಿಗಳು. ಭೂಸುಧಾರಣೆ ಕಾನೂನಿನ ತಿದ್ದುಪಡಿ 1974ರಲ್ಲಿ ಜಾರಿಗೆ ಬರುವವರೆಗೆ ಆ ಗದ್ದೆಯ ಒಡೆತನದ ಕಾಗದದಲ್ಲಿ ಅವರ ಹೆಸರೂ ಇರಲಿಲ್ಲ. ಬಂದ ಮೇಲೂ ಎಷ್ಟು ಜನ ಆಗೇರರ, ಮುಕ್ರಿಗಳ ಹೆಸರು ಹತ್ತಿತು ಅನ್ನುವುದು ಬೇರೆಯೇ ಕತೆ.

ಈಗ ಕಾಲೇಜಿನ ಕೈಗಳನ್ನು ನೋಡಿ. ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ವೆಂಚುರಿಮೀಟರ್ ಇದೆ, ವಿ-ನಾಚ್ ಇದೆ. ಉತ್ತರ ಮೊದಲೇ ಗೊತ್ತು. ಸೀನಿಯರ್‌ನ ರೆಕಾರ್ಡ್ ಬುಕ್ಕಿನಿಂದ ರೀಡಿಂಗ್ ಇಳಿಸಿಕೊಂಡರಾಯ್ತು. ಸಿವಿಲ್‌ನವರಿಗೆ ಸರ್ವೇ ಪ್ರಾಜೆಕ್ಟ್ ಅಂತ ಒಂದಿತ್ತು: ಹಳೆಯ ಕೆರೆ, ಹೊಸ ಕೆರೆ, ರಸ್ತೆ, ಕುಡಿಯುವ ನೀರು. ಆ ಕೆರೆಯ ನೀರು ಯಾವ ಕೇರಿಗೆ ಹೋಗುತ್ತದೆ, ಯಾವ ಕೇರಿಯವರು ಅದನ್ನು ಮುಟ್ಟುವ ಹಾಗಿರಲಿಲ್ಲ ಎಂಬ ಕಾಲಂ ಮಾತ್ರ ಆ ಫೀಲ್ಡ್ ಬುಕ್ಕಿನಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕೆಂಬ ನಿಯಮ ಬಂತು. ಹಳ್ಳಿಗೆ ಹೋಗಿ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಬೇಕು. ಉದ್ದೇಶ ಚೆನ್ನಾಗಿದೆ. ಆದರೆ ನಡೆಯುವುದೇನು? ಬ್ಯಾನರ್ ಹಿಡಿದು ಒಂದು ಫೋಟೋ, ಪಂಚಾಯ್ತಿಯಿಂದ ಒಂದು ಸೀಲು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೆ ಅದೇ ಕಪ್ಪು ಗೆರೆಯ ಮೇಲೆ ಓಡುವ ರೋಬೋ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಕಾನೂನು 2013ರಲ್ಲಿ ಮತ್ತೆ ನಿಷೇಧಿಸಿದ ಮೇಲೂ ಜನ ಇಳಿಯುತ್ತಿದ್ದಾರೆ, ಸಾಯುತ್ತಿದ್ದಾರೆ. ಆ ಗೆರೆಯ ಹಿಂದೆ ಓಡಲು ನಮ್ಮ ರೋಬೋಗಳಿಗೆ ಯಾಕೆ ಆಗುವುದಿಲ್ಲ?

ಇದು ಲ್ಯಾಬಿನ ಬಡತನವೊಂದೇ ಅಲ್ಲ. ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು, ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನು ಎಂದು. ತಲೆಗೆ ಒಂದು ಓಣಿ, ಕೈಗೆ ಒಂದು ಕೇರಿ. ಅಜಂತಾ ಸುಬ್ರಮಣಿಯನ್ 2019ರಲ್ಲಿ ಮದ್ರಾಸ್ ಐಐಟಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ದೊಡ್ಡ ಕತೆ ಬಿಚ್ಚಿಕೊಳ್ಳುತ್ತದೆ: ಕುಶಲಕರ್ಮಿ ಜಾತಿಗಳ ಕೈಯಲ್ಲಿದ್ದ ತಾಂತ್ರಿಕ ವಿದ್ಯೆ ಬ್ರಿಟಿಷರ ಕಾಲದಿಂದ ಈಚೆಗೆ ಮೇಲ್ಜಾತಿಯವರ ಪದವಿಯಾಗಿ ಬದಲಾದದ್ದು, ಆಮೇಲೆ ಆ ಜಾತಿಬಲವೇ 'ಪ್ರತಿಭೆ' ಎಂಬ ಹೊಸ ಅಂಗಿ ತೊಟ್ಟದ್ದು. ಕೈಯನ್ನು ಹೊರಗಟ್ಟಿ ಕಾಲೇಜು ಕಟ್ಟಿದವರು ಈಗ 'ಕೈಯಾರೆ ಕಲಿಯಿರಿ' ಅನ್ನುತ್ತಿದ್ದಾರೆ. ತಮಾಷೆಯೇ ಸರಿ.

ಮೆಂಟರಿಂಗ್‌ನ ವಿಷಯಕ್ಕೆ ಬರೋಣ. ಇಪ್ಪತ್ತು ಹುಡುಗರಿಗೆ ಒಬ್ಬ ಅಧ್ಯಾಪಕ, ಒಂದು ರಿಜಿಸ್ಟರು. ಅದರಲ್ಲಿ ರಕ್ತದ ಗುಂಪು, ತಂದೆಯ ಉದ್ಯೋಗ, ಟೆಸ್ಟಿನ ಅಂಕ, ಕೆಳಗೆ ಸಹಿ. ನ್ಯಾಕ್ ತಂಡ ಬಂದಾಗ ತೋರಿಸಲಿಕ್ಕೆ ಚೆಂದ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ, ಐಟಿಐ, ಡಿಪ್ಲೊಮಾ ಹತ್ತಿ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಇ.ಗೆ ಬಂದ ನಮ್ಮ ಹುಡುಗಿ ಲೇತ್ ಮೇಲೆ ಕ್ಲಾಸಿಗೇ ಮೊದಲಿಗಳಿರಬಹುದು. ಗಣಿತದ ಪೇಪರಿನಲ್ಲಿ, ಇಂಗ್ಲಿಷಿನಲ್ಲಿ ಕೊನೆಯವಳು. 'ಮಾಡೂಕೆ ಬತ್ತದೆ, ಹೇಳೂಕೆ ಬರೂದಿಲ್ಲ' ಅನ್ನುವ ಈ ಸ್ಥಿತಿಗೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಕೆಲವು ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿತು. ಆದರೆ ಕೆಲಸ ಕೊಡುವವನು ಇಂಗ್ಲಿಷಿನಲ್ಲೇ ಸಂದರ್ಶನ ಮಾಡುತ್ತಿರುವಾಗ ಬಡವರ ಮಕ್ಕಳು ಯಾವ ಧೈರ್ಯದ ಮೇಲೆ ಕನ್ನಡ ಆರಿಸಿಕೊಳ್ಳಬೇಕು?

2023ರ ಫೆಬ್ರವರಿ 12ರಂದು ಮುಂಬೈ ಐಐಟಿಯಲ್ಲಿ ಮೊದಲ ವರ್ಷದ ದಲಿತ ವಿದ್ಯಾರ್ಥಿ ದರ್ಶನ್ ಸೋಲಂಕಿ ಪ್ರಾಣ ಬಿಟ್ಟ. ಮನೆಯವರು ಜಾತಿ ತಾರತಮ್ಯ ಎಂದರು. ಸಂಸ್ಥೆಯ ಸಮಿತಿ ಅದಕ್ಕೆ ನೇರ ಸಾಕ್ಷಿ ಇಲ್ಲವೆಂದು, ಅಂಕಗಳತ್ತ ಬೆರಳು ತೋರಿಸಿತು. ಅದೇ ವರ್ಷದ ಜುಲೈಯಲ್ಲಿ, ಸಹಪಾಠಿಯ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಕೇಳಬಾರದು, ಅದರಿಂದ ಜಾತಿ ಹುಡುಕಿದಂತಾಗುತ್ತದೆ ಎಂದು ಆ ಸಂಸ್ಥೆಯೇ ಸೂಚನೆ ಹೊರಡಿಸಬೇಕಾಯಿತು. ರ‍್ಯಾಂಕ್ ಎಷ್ಟು ಅನ್ನುವುದು ನಿಮ್ಮದು ಯಾವ ಕೇರಿ ಅನ್ನುವುದರ ಇಂಗ್ಲಿಷ್ ಅನುವಾದ. ಇದು ತಿಳಿಯದ ಮೆಂಟರ್ ಎಷ್ಟು ಪ್ರೀತಿಯಿಂದ ಬೆನ್ನು ತಟ್ಟಿದರೂ ಹುಡುಗನ ಬೆನ್ನು ಸೆಟೆದುಕೊಳ್ಳುತ್ತದೆ.

ಇನ್ನು ಸಹಭಾಗಿತ್ವ. ಕಾರವಾರ-ಅಂಕೋಲೆಯವರಿಗೆ ಈ ಪದ ಹೊಸದಲ್ಲ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಸಾವಿರಾರು ಕುಟುಂಬಗಳು ಕಡಲಂಚು ಬಿಟ್ಟು ಎದ್ದವು, ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದವು. ಕೈಗಾದಲ್ಲಿ 2000ದಿಂದ ಅಣು ವಿದ್ಯುತ್ ಬರುತ್ತಿದೆ. 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಮಳೆಗೆ ಕುಸಿದು ಗಂಗಾವಳಿಗೆ ಬಿತ್ತು. 11 ಜನ ಹೋದರು. ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಮೂರು ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿಯಿತು. ಕೆಂಪು ಮಣ್ಣಿನ ಗುಡ್ಡವನ್ನು ನೆಟ್ಟಗೆ ಕಡಿದರೆ, ಒಳಗಿನ ನೀರಿಗೆ ದಾರಿ ಬಿಡದಿದ್ದರೆ ಅದು ಇಳಿಯುತ್ತದೆ ಅನ್ನುವುದು ಮಳೆನಾಡಿನಲ್ಲಿ ಬಾವಿ ತೋಡಿದ ಕೂಲಿಯವನಿಗೂ ಗೊತ್ತಿರುವ ವಿಷಯ. ಅವನನ್ನು ಯಾರೂ ಸಹಭಾಗಿ ಮಾಡಿಕೊಳ್ಳಲಿಲ್ಲ. ಕಂಪನಿಗೂ ಕಾಲೇಜಿಗೂ ಆಗುವ ಒಡಂಬಡಿಕೆಯಲ್ಲಿ ಸಹಿ ಹಾಕಲು ಇಬ್ಬರಿಗೇ ಜಾಗ. ಮೂರನೆಯ ಗೆರೆಯನ್ನು ಯಾರೂ ಎಳೆದಿಲ್ಲ.

ಎಳೆಯಲು ಆಗುವುದೇ ಇಲ್ಲವೆ? ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಮೀನುಗಾರರ ಸಂಘಗಳೊಂದಿಗೆ ಬೆಲ್ಜಿಯಂನ ಪಿಯರ್ ಜಿಲೆ ಪ್ಲೈವುಡ್ ದೋಣಿಯ ಕೆಲಸ ಮಾಡಿದರು. ಕಟ್ಟುಮರಕ್ಕೆ ಮರ ಸಿಗದೆ ಹೋಗುತ್ತಿದ್ದ ಕಾಲ ಅದು. ಅಲೆ ಒಡೆಯುವ ದಡದಲ್ಲಿ ದೋಣಿ ಇಳಿಸಿ ನೋಡುವವರು ಮೀನುಗಾರರೇ, ಬೇಡ ಅನ್ನುವವರೂ ಅವರೇ. ಜಿಲೆ 1985ರಲ್ಲಿ ಆ ಅನುಭವ ಬರೆದು ಪುಸ್ತಕಕ್ಕೆ ಇಟ್ಟ ಹೆಸರು, ಸಣ್ಣದು ಕಷ್ಟ ಎಂಬರ್ಥದ್ದು. ಸಣ್ಣದು ಸುಂದರ ಎಂದು ಜಗತ್ತು ಭಜನೆ ಮಾಡುತ್ತಿದ್ದಾಗ ಕಷ್ಟ ಅಂದ ಆ ಪ್ರಾಮಾಣಿಕತೆ ನಮಗೆ ಇಷ್ಟ.

ನಮ್ಮಲ್ಲಿಯೂ ಒಂದು ಬಾಗಿಲು ತೆರೆದೇ ಇದೆ. ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆ ತಂದಿತು. ಮಂಜೂರಾದ ಹುದ್ದೆಗಳ ಶೇಕಡಾ 10ರವರೆಗೆ ಇಂಥವರನ್ನು ತೆಗೆದುಕೊಳ್ಳಬಹುದು. 15 ವರ್ಷದ ಅನುಭವ ಬೇಕು, ಪದವಿ ಕಡ್ಡಾಯವಲ್ಲ. ಪದವಿ ಬೇಡ! ಅಂಥ ಮಾತು ಈ ದೇಶದ ವಿಶ್ವವಿದ್ಯಾಲಯದ ಬಾಯಿಂದ ಬಂದದ್ದೇ ದೊಡ್ಡದು. ಆದರೆ ಆ ನಿಯಮವೇ 'ಹಿರಿಯ ಮಟ್ಟದ ಅನುಭವವಿದ್ದರೆ ಒಳ್ಳೆಯದು' ಎಂದು ಪಿಸುಗುಟ್ಟುತ್ತದೆ, ಹುದ್ದೆಗಳನ್ನು ಮಂಜೂರಾತಿಯ ಲೆಕ್ಕದಿಂದ ಹೊರಗಿಡುತ್ತದೆ. ಅಂದರೆ ರಿಟೈರಾದ ಕಂಪನಿ ಸಾಹೇಬರಿಗೆ ಕೆಂಪು ಹಾಸು, ಮೀಸಲಾತಿಯ ರೋಸ್ಟರಿಗೆ ರಜೆ. ನಾವು ಕೇಳುವುದು ಇಷ್ಟು: ಮೂವತ್ತು ವರ್ಷ ತೂಬು ಕಾಯ್ದವನಿಗೂ 15 ವರ್ಷದ ಅನುಭವ ಇದೆಯಲ್ಲ? ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಕಂಡವರಲ್ಲ. ಬೀಜ ಆರಿಸುವುದು, ಸಸಿ ಎಬ್ಬಿಸುವುದು ಕೈಯಿಂದಲೇ ಕಲಿತದ್ದು. ಸರ್ಕಾರ ಪದ್ಮಶ್ರೀ ಕೊಟ್ಟಿತು, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದರು, 2024ರ ಡಿಸೆಂಬರ್ 16ರಂದು ತೀರಿಕೊಂಡರು. ಇಂಥವರಿಗೆ ಪದಕ ಹಾಕಲು ಒಂದು ದಿನ ಸಾಕು. ಟೈಂಟೇಬಲ್ಲಿನಲ್ಲಿ ವಾರಕ್ಕೆ ನಾಲ್ಕು ಗಂಟೆ, ತಿಂಗಳಿಗೆ ಸಂಬಳ, ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಕೊಡುವಾಗ ವ್ಯವಸ್ಥೆಗೆ ಮೈಲಿಗೆ ನೆನಪಾಗುತ್ತದೆ.

ಕಾಲೇಜು ಬದಲಾಗುವವರೆಗೆ ಊರಿನ ಮೇಷ್ಟ್ರುಗಳು ಕಾಯಬೇಕಾಗಿಲ್ಲ. ಭಾವಿಕೇರಿ-ಕೇಣಿ ಸುತ್ತಿನ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ಅಳತೆಯ ಗುರುತು ಕೊರೆದ ಒಂದು ಬಿದಿರನ್ನು ಹಳ್ಳದ ಬಾಯಲ್ಲಿ ನೆಟ್ಟು ಒಂದು ತಿಂಗಳು ಉಬ್ಬರ-ಇಳಿತ ಬರೆದಿಡಲಿ. ಬೇಸಿಗೆಯಲ್ಲಿ ಯಾವ ಬಾವಿಗೆ ಎಂದು ಉಪ್ಪು ಹತ್ತಿತು, ಮಳೆಗಾಲದಲ್ಲಿ ಗುಡ್ಡದ ಯಾವ ಕಡೆ ನೀರು ಕೆಂಪಾಗಿ ಬರುತ್ತಿದೆ, ಅದನ್ನೂ ಬರೆಯಲಿ. ಗೊತ್ತಾಗದ್ದನ್ನು ಕೇರಿಯ ಹಿರಿಯರ ಹತ್ತಿರ ಕೇಳಿ, ಹೇಳಿದವರ ಹೆಸರನ್ನು ಅವರು ಒಪ್ಪಿದರೆ ಮೇಲೆ ಬರೆಯಲಿ, ಕೆಳಗಲ್ಲ. ಪುಸ್ತಕ ತುಂಬಿದ ಮೇಲೆ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಒಯ್ದು, ಬಂದರಿನ ನಕ್ಷೆಯನ್ನೂ ಪಕ್ಕದಲ್ಲಿ ಹರಡಿ, ನಿಮ್ಮ ಲೆಕ್ಕಕ್ಕೆ ನಮ್ಮದು ಕೂಡುತ್ತದೋ ನೋಡಿ ಹೇಳಿ ಸಾರ್ ಎಂದು ಕೇಳಲಿ.