ಯಾವ ಹಲ್ಲಿಗೆ ಬೇಕು, ಯಾವುದಕ್ಕೆ ಬೇಡ: ಅಲೈನರ್ ಹಾಳೆಗೊಂದು ವ್ಯಾಖ್ಯಾನ

ಕ್ಲಿಪ್ ಬೇಡ, ಕಣ್ಣಿಗೆ ಕಾಣದ ಟ್ರೇ ಸಾಕು ಎಂದುಕೊಂಡು ಅಲೈನರ್ ಚಿಕಿತ್ಸೆಗೆ ಬಂದವರ ಮುಖ ಸಪ್ಪಗಾಗುವುದು ಡಾಕ್ಟರು ಅಟ್ಯಾಚ್‌ಮೆಂಟ್ ಮಾತೆತ್ತಿದಾಗ. ಹಲ್ಲಿನದೇ ಬಣ್ಣದ ಪುಟ್ಟ ಉಬ್ಬುಗಳನ್ನು ಹಲ್ಲಿನ ಮೇಲೆ ಅಂಟಿಸಬೇಕು, ಚಿಕಿತ್ಸೆ ಮುಗಿಯುವವರೆಗೂ ಅವು ಅಲ್ಲೇ ಇರಬೇಕು. "ಇವಿಲ್ಲದೆ ಆಗೋದಿಲ್ವಾ ಡಾಕ್ಟ್ರೇ?" ನ್ಯಾಯವಾದ ಪ್ರಶ್ನೆ. ಆದರೆ ಇಡೀ ಬಾಯಿಗೆ ಸೇರಿ ಒಂದೇ ಉತ್ತರ ಸಿಗುವುದಿಲ್ಲ, ಹಲ್ಲುಹಲ್ಲಿಗೂ ಬೇರೆಬೇರೆ ಸಿಗುತ್ತದೆ. ಆದ್ದರಿಂದ ಚಿಕಿತ್ಸಾ ಯೋಜನೆಯ ಹಾಳೆಯನ್ನೇ ಮುಂದಿಟ್ಟುಕೊಂಡು ಸಾಲುಸಾಲಾಗಿ ಓದೋಣ. ಇದು ಮಾದರಿಗೆಂದು ನಾನೇ ಬರೆದ ಹಾಳೆ. ನಿಮ್ಮ ಕೈಗೆ ಬರುವುದೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

"ಮೇಲೆ 18 ಟ್ರೇ, ಕೆಳಗೆ 18 ಟ್ರೇ. ದಿನಕ್ಕೆ 22 ಗಂಟೆ ಹಾಕಿಕೊಂಡಿರಬೇಕು."

ಒಂದೊಂದು ಟ್ರೇ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುವಂತೆ ಲೆಕ್ಕ ಹಾಕಿರುತ್ತಾರೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ನಾರಿನ ಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಹಲ್ಲನ್ನು ಹೀಗೆ ಹಂತಹಂತವಾಗಿ ಸರಿಸುವ ಯೋಚನೆ ಹೊಸದಲ್ಲ. ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ 1945ರಲ್ಲೇ ರಬ್ಬರಿನ ಅಚ್ಚಿನಿಂದ ಹಲ್ಲುಗಳನ್ನು ಕೊನೆಯ ಹಂತದಲ್ಲಿ ಓರಣಗೊಳಿಸುವ ದಾರಿ ತೋರಿಸಿದ್ದರು. 1997ರಲ್ಲಿ ಹುಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿ ಅದಕ್ಕೆ ಕಂಪ್ಯೂಟರನ್ನು ಜೋಡಿಸಿ ಇನ್ವಿಸಲೈನ್ ಎಂಬ ಅಲೈನರ್ ಮಾಡಿತು.

ಈ ಸಾಲಿನಲ್ಲಿ ಗಮನಿಸಬೇಕಾದದ್ದು ಬೇರೆ. ಟ್ರೇ ಎಂದರೆ ತೆಳುವಾದ ಪ್ಲಾಸ್ಟಿಕ್. ಅದು ಹಲ್ಲನ್ನು ಒತ್ತಬಲ್ಲದು, ಹಿಡಿದು ಎಳೆಯಲಾರದು. ಕ್ಲಿಪ್ಪಿನಲ್ಲಿ ಹಲ್ಲಿಗೆ ಅಂಟಿದ ಬ್ರಾಕೆಟ್ ಇರುತ್ತದೆ, ಅದರೊಳಗೆ ತಂತಿ ಕೂರುತ್ತದೆ, ಆದ್ದರಿಂದ ಎಳೆಯಲು, ತಿರುಗಿಸಲು ಹಿಡಿ ಸಿಗುತ್ತದೆ. ಟ್ರೇಗೆ ಆ ಹಿಡಿ ಇಲ್ಲ. ಎಲ್ಲೆಲ್ಲಿ ಬರೀ ಒತ್ತಿದರೆ ಸಾಲದೋ ಅಲ್ಲಲ್ಲಿ ಅಟ್ಯಾಚ್‌ಮೆಂಟ್ ಬರುತ್ತದೆ. ಉಳಿದ ಸಾಲುಗಳೆಲ್ಲ ಈ ಮಾತಿನ ವಿಸ್ತಾರ.

"11, 21: ನಡುವಿನ ಸಂದು ಮುಚ್ಚುವುದು. ಅಟ್ಯಾಚ್‌ಮೆಂಟ್ ಇಲ್ಲ."

11, 21 ಎಂದರೆ ಮೇಲಿನ ನಡುವಿನ ಎರಡು ಬಾಚಿಹಲ್ಲು. ಸಣ್ಣ ಸಂದಾದರೆ ಹಲ್ಲಿನ ತಲೆ ಒಂದಿಷ್ಟು ವಾಲಿದರೂ ಮುಚ್ಚಿಕೊಳ್ಳುತ್ತದೆ. ವಾಲಿಸಲು ಒತ್ತಡ ಸಾಕು, ಟ್ರೇಗೆ ಇದು ಸಲೀಸು. ಮುಂದಕ್ಕೆ ಬಾಗಿದ ಹಲ್ಲನ್ನು ಸ್ವಲ್ಪ ಹಿಂದಕ್ಕೆ ತಳ್ಳುವುದೂ ಹೀಗೆಯೇ. ಇಂಥ ಕೇಸಿನಲ್ಲಿ ಅಟ್ಯಾಚ್‌ಮೆಂಟ್ ಬೇಡ ಎನ್ನುವ ಡಾಕ್ಟರು ಸರಿಯಾಗಿಯೇ ಹೇಳುತ್ತಿದ್ದಾರೆ. ಸಂದು ದೊಡ್ಡದಿದ್ದು ತಲೆಯ ಜೊತೆಗೆ ಬೇರೂ ನೆಟ್ಟಗೆ ಸರಿಯಬೇಕಾದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಅಮೆರಿಕದಲ್ಲಿ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ ಅಟ್ಯಾಚ್‌ಮೆಂಟ್ ಇಲ್ಲದ ಟ್ರೇಗಳನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತಿತ್ತು. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಹಾಕಿದಾಗ ಚಿಕಿತ್ಸೆಯ ನಡುವೆ ಇದ್ದವರು ದಿಕ್ಕು ಕಾಣದಾದರು. ಡಾಕ್ಟರು ಎದುರಿಗಿಲ್ಲದೆ ಅಂಚೆಯಲ್ಲಿ ಅಟ್ಯಾಚ್‌ಮೆಂಟ್ ಅಂಟಿಸಲಾಗದು. ಆದ್ದರಿಂದ ಜಾಹೀರಾತಿನಲ್ಲಿ "ಅಟ್ಯಾಚ್‌ಮೆಂಟ್ ಬೇಕಿಲ್ಲ" ಎಂದು ಕಂಡರೆ, ಇವರು ಯಾವ ಚಲನೆಗೆ ಕೈಹಾಕುವುದೇ ಇಲ್ಲ ಎಂದು ಮೊದಲು ವಿಚಾರಿಸಿ.

"35: 30 ಡಿಗ್ರಿ ತಿರುವು. ಅಟ್ಯಾಚ್‌ಮೆಂಟ್ ಇದೆ. ಅಕ್ಕಪಕ್ಕದ ಹಲ್ಲಿನ ಬದಿ ಸವರುವುದು."

ಹಾಳೆಯಲ್ಲಿ ಅತಿ ಕಷ್ಟದ ಸಾಲುಗಳಲ್ಲಿ ಇದೂ ಒಂದು. 35 ಎಂದರೆ ಎಡಗಡೆ ಕೆಳದವಡೆಯಲ್ಲಿ, ಕೋರೆಹಲ್ಲಿನಿಂದ ಹಿಂದಕ್ಕೆ ಎರಡನೆಯದು. ಬಾಚಿಹಲ್ಲು ಚಪ್ಪಟೆ, ಅದರ ಎರಡು ಅಂಚನ್ನು ಎರಡು ಕಡೆಯಿಂದ ಒತ್ತಿದರೆ ತಿರುಗುತ್ತದೆ. ಈ ಹಲ್ಲು ದುಂಡಗೆ. ಟ್ರೇ ಎಷ್ಟು ಒತ್ತಿದರೂ ಎಣ್ಣೆ ಹತ್ತಿದ ಕೈಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸಿದ ಹಾಗೆ ಜಾರುತ್ತದೆ. ಹಲ್ಲಿನ ಮುಖದ ಮೇಲೆ ಒಂದು ಮಿಲಿಮೀಟರಿನಷ್ಟು ಎದ್ದುನಿಂತ ಉಬ್ಬು ಇದ್ದರೆ ಟ್ರೇಗೆ ಒತ್ತಲು ಒಂದು ಗೋಡೆ ಸಿಕ್ಕಂತಾಗುತ್ತದೆ.

ಹಾಗೆಂದು ಅಂಟಿಸಿದ ಮಾತ್ರಕ್ಕೆ ಹಲ್ಲು ತಿರುಗಿಯೇಬಿಡುತ್ತದೆ ಎನ್ನುವಂತಿಲ್ಲ. ಸಂಶೋಧಕ ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು 2008ರಲ್ಲಿ 53 ಕೋರೆಹಲ್ಲುಗಳನ್ನು ಪರೀಕ್ಷಿಸಿದರು. ಕಂಪ್ಯೂಟರ್ ತೋರಿಸಿದ ತಿರುವಿನಲ್ಲಿ ಬಾಯೊಳಗೆ ನಿಜವಾಗಿ ಆದದ್ದು ಸರಾಸರಿ ಶೇ. 35.8. ಅಟ್ಯಾಚ್‌ಮೆಂಟ್ ಇದ್ದವಕ್ಕೂ ಇಲ್ಲದವಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2014ರ ಜರ್ಮನಿಯ ಅಧ್ಯಯನವೊಂದರಲ್ಲೂ 35ರಂಥ ಹಲ್ಲುಗಳ ತಿರುವು ನೆರವೇರಿದ್ದು ಸುಮಾರು ಶೇ. 40. ಅಲ್ಲಿಯೂ ಅಟ್ಯಾಚ್‌ಮೆಂಟ್ ಕೈಹಿಡಿಯಲಿಲ್ಲ.

ಹಾಗಾದರೆ ಇವು ದಂಡ ಎಂದು ತೀರ್ಮಾನಿಸಬಹುದೆ? ನಾನು ಹಾಗೆ ಓದುವುದಿಲ್ಲ. 2008ರ ಅಧ್ಯಯನದಲ್ಲಿ ಬಳಸಿದ್ದು ಮೊಟ್ಟೆಯಾಕಾರದ ಉಬ್ಬು. ಚಲನೆಗೆ ತಕ್ಕ ಇಳಿಜಾರು, ಅಂಚು ಇರುವ ಆಕಾರಗಳು ಬಂದದ್ದು ಆಮೇಲೆ, ಪ್ಲಾಸ್ಟಿಕ್ಕೂ ಬದಲಾಯಿತು. ಈ ಅಂಕಿಗಳ ಜೊತೆಗೆ ನಾನು ನೆನಪಿಡುವುದು ಇಷ್ಟು: ತಿರುಗಲು ಜಾಗವೇ ಇಲ್ಲದ ಹಲ್ಲಿಗೆ ಎಂಥ ಹಿಡಿ ಕೊಟ್ಟರೂ ಅದು ತಿರುಗದು. ಈ ಸಾಲಿನ ಕೊನೆಯಲ್ಲಿ ಬದಿ ಸವರುವ, ಅಂದರೆ ಅಕ್ಕಪಕ್ಕದ ಹಲ್ಲನ್ನು ಕೊಂಚ ತೆಳುವಾಗಿಸಿ ಜಾಗ ಮಾಡುವ ಮಾತು ಬಂದಿರುವುದು ಅದಕ್ಕೇ. ಹಿಡಿ, ಜಾಗ ಎರಡೂ ಒಟ್ಟಿಗೇ ಇರಬೇಕು. ತಿರುವಿನ ಡಿಗ್ರಿ ಹೆಚ್ಚಿದ್ದು ಜಾಗ ಮಾಡುವ ಉಪಾಯ ಹಾಳೆಯಲ್ಲಿ ಕಾಣದಿದ್ದರೆ ಡಾಕ್ಟರನ್ನು ಕೇಳಲೇಬೇಕು.

"12: 1 ಮಿ.ಮೀ. ಕೆಳಗಿಳಿಸುವುದು. ಅಟ್ಯಾಚ್‌ಮೆಂಟ್ ಇದೆ."

ಒಸಡಿನಿಂದ ಪೂರ್ತಿ ಇಳಿಯದೆ ಮೇಲೆ ನಿಂತ ಸಣ್ಣ ಬಾಚಿಹಲ್ಲು. ಇಲ್ಲಿ ಬೇಕಿರುವುದು ನೇರ ಎಳೆತ. ನಯವಾದ ಹಲ್ಲು ಟ್ರೇಯಿಂದ ಕಳಚಿಕೊಳ್ಳುತ್ತದೆ. ಕ್ರಾವಿಟ್ಜ್ ಅವರ 2009ರ ಅಧ್ಯಯನದಲ್ಲಿ ಎಲ್ಲ ಚಲನೆಗಳ ಸರಾಸರಿ ನಿಖರತೆ ಶೇ. 41 ಇದ್ದರೆ, ಹೀಗೆ ಇಳಿಸುವುದರದ್ದು ಎಲ್ಲಕ್ಕಿಂತ ಕಡಿಮೆ, ಶೇ. 29.6. ಅದೇ ಬಗೆಯ ಅಧ್ಯಯನವನ್ನು 2020ರಲ್ಲಿ ಮತ್ತೆ ಮಾಡಿದಾಗ ಒಟ್ಟು ಸರಾಸರಿ ಶೇ. 50ಕ್ಕೆ ಏರಿತ್ತು.

ಈ ಸಾಲಿನ ಅಟ್ಯಾಚ್‌ಮೆಂಟನ್ನು ಬೇಡ ಎನ್ನಲು ಹೋಗಬೇಡಿ. ನಗುವಾಗ ಎದ್ದು ಕಾಣುವ ಜಾಗ ಎನ್ನುವ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಇಲ್ಲಿ ಹಿಡಿ ಇಲ್ಲದೆ ಕೆಲಸ ಆಗುವುದು ಅಪರೂಪ. ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಟ್ರೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಈ ಹಲ್ಲಿನ ಕಚ್ಚುವ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ಗಾಳಿಯ ಗೆರೆ ಇದೆಯೇ ನೋಡಿ. ಟ್ರೇ ಬದಲಿಸುವ ದಿನ ಬಂದರೂ ಗೆರೆ ಹಾಗೇ ಇದ್ದರೆ ಹಲ್ಲು ಹಿಂದೆ ಬಿದ್ದಿದೆ ಎಂದರ್ಥ. ಮುಂದಿನ ಟ್ರೇಗೆ ಹೋಗುವ ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಿ.

"16, 26: ಹಿಡಿತಕ್ಕಾಗಿ ಅಟ್ಯಾಚ್‌ಮೆಂಟ್."

ಇವು ಮೇಲಿನ ದವಡೆಹಲ್ಲುಗಳು. ಇಲ್ಲಿ ಹಲ್ಲನ್ನು ಸರಿಸುವ ಉದ್ದೇಶವಿಲ್ಲ, ಟ್ರೇ ಬಿಗಿಯಾಗಿ ಕೂರಲೆಂದು ಹಾಕಿದ್ದು. ಚೌಕಾಸಿಗೆ ಅವಕಾಶವಿರುವುದು ಈ ಸಾಲಿನಲ್ಲಿ. ಟ್ರೇಯ ಅಂಚನ್ನು ಒಸಡಿನ ಗೆರೆಯಂತೆ ಕಮಾನಾಗಿ ಕತ್ತರಿಸುವ ಬದಲು ಒಸಡಿನ ಮೇಲೆ ಎರಡು ಮಿಲಿಮೀಟರ್ ಬಿಟ್ಟು ನೇರವಾಗಿ ಕತ್ತರಿಸಿದರೆ ಹಿಡಿತ ತಾನಾಗಿ ಹೆಚ್ಚುತ್ತದೆ. ಹಲ್ಲು ತೀರಾ ಗಿಡ್ಡವಾಗಿದ್ದರೆ ಮಾತ್ರ ಉಬ್ಬು ಬೇಕೇ ಬೇಕು.

"46: ಕ್ಯಾಪ್ ಇದೆ. ಅಂಟಿಸುವ ವಿಧಾನ ಬೇರೆ."

46 ಎಂದರೆ ಕೆಳಗಿನ ದವಡೆಹಲ್ಲು. ಅಟ್ಯಾಚ್‌ಮೆಂಟ್ ಎಂದರೆ ಹುಳುಕು ತುಂಬುವ ಕಾಂಪೊಸಿಟ್ಟೇ. ಮೊದಲು ಎನಾಮಲ್ಲಿಗೆ ಶೇ. 37ರ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, ತೊಳೆದು ಒಣಗಿಸುತ್ತಾರೆ. ಆಗ ಹಲ್ಲು ಸೀಮೆಸುಣ್ಣದಂತೆ ಮಂಕಾಗಿ ಬೆಳ್ಳಗೆ ಕಾಣಬೇಕು. ಆಮೇಲೆ ಬಾಂಡ್ ಹಚ್ಚಿ, ಕಾಂಪೊಸಿಟ್ ತುಂಬಿದ ತೆಳು ಅಚ್ಚನ್ನು ಒತ್ತಿಹಿಡಿದು ನೀಲಿ ಬೆಳಕು ಬಿಡುತ್ತಾರೆ. ಪಿಂಗಾಣಿ ಕ್ಯಾಪ್ ಮೇಲೆ ಈ ಆಮ್ಲಕ್ಕೆ ಕೆಲಸವಿಲ್ಲ, ಬೇರೆ ರಾಸಾಯನಿಕವೇ ಬೇಕು. ಆದರೂ ಅಂಟು ಬೇಗ ಬಿಡುವುದುಂಟು.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಕೋಲಾರ, ಗದಗ, ರಾಯಚೂರಿನ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಜೆಲ್ ಹೆಚ್ಚು ಹೊತ್ತು ಬಿಡಬೇಕಾಗುತ್ತದೆ, ಅಟ್ಯಾಚ್‌ಮೆಂಟ್ ಮತ್ತೆಮತ್ತೆ ಉದುರಬಹುದು. ಉದುರಿದ್ದು ನಿಮ್ಮ ತಪ್ಪು ಎಂದು ಕೊರಗಬೇಡಿ. ಹಲ್ಲಿನ ಮೇಲೆ ಕಂದು ಕಲೆಗಳಿದ್ದರೆ ಮೊದಲ ದಿನವೇ ಹೇಳಿಬಿಡಿ.

"ಕೊನೆಗೆ ಅಟ್ಯಾಚ್‌ಮೆಂಟ್ ತೆಗೆದು, ರಿಟೇನರ್ ಕೊಡುವುದು."

ಸಣ್ಣ ಬರ್‌ನಿಂದ ಸವೆಸಿ ತೆಗೆದು ಪಾಲಿಶ್ ಮಾಡುತ್ತಾರೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಇಂಜೆಕ್ಷನ್ ಬೇಕಿಲ್ಲ. ಬೆಳಕು ಚೆನ್ನಾಗಿರಬೇಕು, ಅವಸರ ಕೂಡದು. ಕಾಂಪೊಸಿಟ್ ಉಳಿದುಬಿಟ್ಟರೆ ಕಾಫಿ, ಅರಿಶಿನ, ಎಲೆಅಡಿಕೆಯ ಬಣ್ಣ ಅಲ್ಲಿ ಹಿಡಿಯುತ್ತದೆ, ಹೆಚ್ಚು ಸವೆಸಿದರೆ ಎನಾಮಲ್ಲೇ ಹೋಗುತ್ತದೆ. ತೆಗೆದ ಮೇಲೆ ನಾಲಿಗೆಯಾಡಿಸಿ ನೋಡಿ, ಎಲ್ಲಾದರೂ ಒರಟು ತಗುಲಿದರೆ ಕುರ್ಚಿಯಿಂದ ಏಳುವ ಮೊದಲೇ ಹೇಳಿ. ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯದಂತೆ ಹಾಕಿಕೊಳ್ಳುವ ರಿಟೇನರಿನ ಅಳತೆಯನ್ನು ಇದಾದ ಮೇಲೆಯೇ ತೆಗೆಸಿಕೊಳ್ಳಿ. ಉಬ್ಬುಗಳಿದ್ದಾಗ ತೆಗೆದ ಅಳತೆಯಲ್ಲಿ ರಿಟೇನರಿನೊಳಗೆ ಉಬ್ಬಿನ ಜಾಗ ಪೊಳ್ಳಾಗಿ ಉಳಿಯುತ್ತದೆ.