ಡಬ್ಬಿಯ ಮೇಲಿನ ಗಂಟೆಗಳು: ಎಲ್‌ಇಡಿ ಟಾರ್ಚುಗಳ ಬೆಳಕು ಮತ್ತು ಬಾಳಿಕೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ತಳ್ಳುಗಾಡಿಯ ಮೇಲೆ ಟಾರ್ಚು ಮಾರುವವರನ್ನು ನೀವು ಕಂಡಿರಬಹುದು. ಇಂದಿರಾನಗರದ ಕಡೆ ಚಾರಣದ ಸಾಮಾನು ಮಾರುವ ಅಂಗಡಿಗಳಲ್ಲಿಯೂ ಟಾರ್ಚುಗಳಿವೆ. ಎರಡರ ಬೆಲೆಗೂ ಅಜಗಜಾಂತರ. ಆದರೆ ಎರಡು ಡಬ್ಬಿಗಳ ಮೇಲೂ ದಪ್ಪ ಅಕ್ಷರದಲ್ಲಿ ಕಾಣುವುದು ಎರಡೇ ಸಂಖ್ಯೆ: ಇಷ್ಟು ಲ್ಯೂಮೆನ್, ಇಷ್ಟು ಗಂಟೆ. ಕೊಳ್ಳುವವರು ಸಹಜವಾಗಿಯೇ ಇವನ್ನು ಒಂದು ವಾಕ್ಯವಾಗಿ ಓದುತ್ತಾರೆ, ಇಷ್ಟು ಬೆಳಕು ಇಷ್ಟು ಗಂಟೆ ಇರುತ್ತದೆ ಎಂದು. ತಳ್ಳುಗಾಡಿಯ ಡಬ್ಬಿಯಲ್ಲಿ ಸಂಖ್ಯೆಗಳೇ ಸುಳ್ಳಾಗಿರುವುದುಂಟು. ದುಬಾರಿ ಡಬ್ಬಿಯಲ್ಲಿ ಎರಡು ಸಂಖ್ಯೆಗಳೂ ನಿಜವಾಗಿದ್ದು, ಸೇರಿಸಿ ಓದಿದ ವಾಕ್ಯ ಮಾತ್ರ ಸುಳ್ಳಾಗಿರುತ್ತದೆ. ವಿಜ್ಞಾನದ ವಿದ್ಯಾರ್ಥಿ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಈ ಎರಡನೆಯದನ್ನು.

ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟರಿ’ ಎನ್ನುವ ರೂಢಿ ಇದೆ. ಒಳಗೆ ಹಾಕುವುದು ‘ಸೆಲ್ಲು’. ತಪ್ಪು ಪ್ರಯೋಗವೆಂದು ನಗಬೇಡಿ. ಟಾರ್ಚಿನ ಯೋಗ್ಯತೆಯನ್ನು ನಿರ್ಧರಿಸುವುದು ಬಹುಪಾಲು ಅದರ ಒಳಗಿನ ಶಕ್ತಿಯ ದಾಸ್ತಾನೇ. ಎರಡು ದೊಡ್ಡ ಸೆಲ್ಲುಗಳ ಹಳೆಯ ಟಾರ್ಚಿನಲ್ಲಿ ತಂತಿ ಬಲ್ಬು ಕೊಡುತ್ತಿದ್ದದ್ದು ಸುಮಾರು ಹತ್ತು ಲ್ಯೂಮೆನ್, ಅಂದರೆ ಹೆಚ್ಚು ಕಡಿಮೆ ಒಂದು ಮೇಣದಬತ್ತಿಯಷ್ಟು ಬೆಳಕು. ಆದರೆ ಆ ಬಲ್ಬು ಪ್ರಾಮಾಣಿಕವಾಗಿತ್ತು. ಸೆಲ್ ಸೊರಗಿದಂತೆ ಬೆಳಕು ಹಳದಿಯಾಗಿ, ಕೆಂಪಾಗಿ ಮುನ್ಸೂಚನೆ ಕೊಡುತ್ತಿತ್ತು. ಬಿಳಿ ಎಲ್‌ಇಡಿ ಹಾಗಲ್ಲ. ಅದು ನೀಲಿ ಬೆಳಕನ್ನು ಹೊಮ್ಮಿಸುವ ಅರೆವಾಹಕದ ಮೇಲೆ ಹಳದಿ ಬೆಳಕು ಕೊಡುವ ಪ್ರತಿದೀಪಕ ಪದಾರ್ಥವನ್ನು ಲೇಪಿಸಿ ಮಾಡಿದ್ದು. ಬೆಳಕು ಹತ್ತನೇ ಒಂದು ಭಾಗಕ್ಕೆ ಕುಸಿದರೂ ಬಣ್ಣ ಬಿಳಿಯಾಗಿಯೇ ಉಳಿಯುತ್ತದೆ. ನಮ್ಮ ಕಣ್ಣೂ ಇದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಬೆಳಕು ಕಾಲು ಭಾಗಕ್ಕೆ ಇಳಿದಾಗ ಕಣ್ಣಿಗೆ ಅದು ಅರ್ಧಕ್ಕಿಂತ ತುಸು ಹೆಚ್ಚೇ ಇದ್ದಂತೆ ಅನಿಸುತ್ತದೆ. ಆದ್ದರಿಂದ ಕಣ್ಣಂದಾಜು ಇಲ್ಲಿ ನಡೆಯದು, ಲೆಕ್ಕವೇ ಆಗಬೇಕು.

ಲೆಕ್ಕ ಕಷ್ಟದ್ದೇನಲ್ಲ. ಇಂದಿನ ಟಾರ್ಚುಗಳಲ್ಲಿ ಬಹಳ ಕಾಣುವ 18650 ಎಂಬ ಲಿಥಿಯಂ ಅಯಾನು ಕೋಶವನ್ನು ತೆಗೆದುಕೊಳ್ಳಿ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಎಂಬುದೇ ಆ ಹೆಸರಿನ ಅರ್ಥ. ಅದರ ಸಾಮರ್ಥ್ಯ 2600 ಮಿಲಿಆಂಪಿಯರ್-ಗಂಟೆ, ಸರಾಸರಿ ವಿಭವ 3.6 ವೋಲ್ಟ್ ಎಂದಾದರೆ ದಾಸ್ತಾನಿನಲ್ಲಿರುವ ಶಕ್ತಿ 9.36 ವ್ಯಾಟ್-ಗಂಟೆ. ಎಲ್‌ಇಡಿ ಪ್ರತಿ ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತದೆ ಎನ್ನಿ. ನಡುವಿನ ವಿದ್ಯುನ್ಮಂಡಲ 15 ಶೇಕಡಾ ತಿಂದು, ಪ್ರತಿಫಲಕ ಮತ್ತು ಗಾಜು ಇನ್ನೊಂದು 15 ಶೇಕಡಾ ನುಂಗಿದರೆ ಹೊರಗೆ ಬರುವುದು ಸುಮಾರು 675 ಲ್ಯೂಮೆನ್-ಗಂಟೆ. ಇದೇ ಟಾರ್ಚಿನ ಒಟ್ಟು ಸಂಪತ್ತು. ಸಾವಿರ ಲ್ಯೂಮೆನ್ನಿನಂತೆ ಖರ್ಚು ಮಾಡಿದರೆ 40 ನಿಮಿಷದಲ್ಲಿ ಮುಗಿಯುತ್ತದೆ. ಅರವತ್ತರಂತೆ ಖರ್ಚು ಮಾಡಿದರೆ ಹನ್ನೊಂದು ಗಂಟೆ ಬಾಳುತ್ತದೆ. ‘1000 ಲ್ಯೂಮೆನ್, 10 ಗಂಟೆ’ ಎಂಬ ಡಬ್ಬಿಯೊಳಗೆ ಇಂಥ ಒಂದೇ ಕೋಶವಿದ್ದರೆ, ಆ ಎರಡು ಸಂಖ್ಯೆಗಳು ಒಂದೇ ಹಂತಕ್ಕೆ ಸೇರಿದವಾಗಿರಲು ಸಾಧ್ಯವೇ ಇಲ್ಲ. ಇದನ್ನು ಅಂಗಡಿಯ ಮುಂದೆ ನಿಂತೇ ಮನಸ್ಸಿನಲ್ಲಿ ಗುಣಿಸಿ ನೋಡಬಹುದು.

ಅಗ್ಗದ ಕೋಶಗಳ ಮೇಲೆ ‘9900 ಮಿಲಿಆಂಪಿಯರ್-ಗಂಟೆ’ ಎಂದು ಅಚ್ಚಾಗಿರುವುದುಂಟು. ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಈ ಗಾತ್ರದ ಉತ್ತಮ ಕೋಶಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ನೋಡಿ: ಸಾಚಾ ಕೋಶ 45ರಿಂದ 50 ಗ್ರಾಂ ಇರುತ್ತದೆ. 30 ಗ್ರಾಂ ತೂಗುವ ಕೋಶದೊಳಗೆ ಅದರ ಮೂರು ಪಟ್ಟು ವಿದ್ಯುತ್ತು ಎಲ್ಲಿಂದ ಬರಬೇಕು?

ಇನ್ನು ದುಬಾರಿ ಡಬ್ಬಿಗೆ ಬರೋಣ. ಅದರ ಮೇಲೆ ಚಿಕ್ಕ ಚಿಕ್ಕ ಚಿತ್ರಗಳ ಸಾಲೊಂದು ಇರುತ್ತದೆ. ಇವು ಅಮೆರಿಕದಲ್ಲಿ 2009ರಲ್ಲಿ ಹೊರಬಂದ ಎಎನ್‌ಎಸ್‌ಐ ಎಫ್‌ಎಲ್‌1 ಎಂಬ ಮಾನಕದ ಗುರುತುಗಳು. ಈ ಮಾನಕಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಎಲ್‌ಇಡಿ ತಯಾರಕರ ಪಟ್ಟಿಯಿಂದ ಲ್ಯೂಮೆನ್ ಎತ್ತಿ ಡಬ್ಬಿಯ ಮೇಲೆ ಅಂಟಿಸುವ ಬದಲು, ಗಾಜಿನಿಂದ ಹೊರಬಂದ ಬೆಳಕನ್ನೇ ಅಳೆಯಬೇಕು ಎಂದು ಅದು ಕಟ್ಟುನಿಟ್ಟು ಮಾಡಿತು. ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ವ್ಯಾಖ್ಯೆ ಕೊಟ್ಟಿತು. ಅದರ ಪ್ರಕಾರ, ಬಿದ್ದ ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಟಾರ್ಚಿನ ದೂರ. ಇದು ಹುಣ್ಣಿಮೆಯ ಬೆಳಕಿಗೆ ಸಮ. ಹಲಸೂರು ಕೆರೆಯ ದಂಡೆಯಲ್ಲಿ ನಿಂತು ‘200 ಮೀಟರ್’ ಟಾರ್ಚನ್ನು ಅಷ್ಟು ದೂರದ ದಡಕ್ಕೆ ಹಿಡಿದರೆ ಅಲ್ಲಿ ಬೀಳುವುದು ಬೆಳದಿಂಗಳಷ್ಟೇ, ಹಗಲಲ್ಲ. (ಬೀದಿದೀಪಗಳ ನಡುವೆ ಅದು ಕಾಣುವುದೂ ಅನುಮಾನ.) ವಿಲೋಮ ವರ್ಗ ನಿಯಮದಂತೆ ಅದರ ಅರ್ಧ ದೂರದಲ್ಲಿ ಒಂದು ಲಕ್ಸ್ ಬೀಳುತ್ತದೆ.

ಮಾನಕ ಎಡವಿದ್ದು ಗಂಟೆಗಳ ವಿಷಯದಲ್ಲಿ. ಟಾರ್ಚು ಹೊತ್ತಿಸಿದ 30 ಸೆಕೆಂಡುಗಳ ನಂತರದ ಬೆಳಕನ್ನು ಆರಂಭದ ಬೆಳಕು ಎಂದು ಹಿಡಿದು, ಅದು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲವನ್ನೆಲ್ಲ ‘ಉರಿಯುವ ಅವಧಿ’ ಎಂದು ಬರೆಯಬಹುದು. ನಡುವೆ ಏನಾಯಿತು ಎಂದು ಹೇಳುವ ಹೊಣೆ ಡಬ್ಬಿಗೆ ಇಲ್ಲ.

ಇದರ ಪರಿಣಾಮವನ್ನು ಎರಡು ಉದಾಹರಣೆಗಳಲ್ಲಿ ನೋಡೋಣ. ಎರಡು ಟಾರ್ಚುಗಳ ಡಬ್ಬಿಯ ಮೇಲೂ ‘100 ಲ್ಯೂಮೆನ್, 10 ಗಂಟೆ’ ಎಂದಿದೆ ಎಂದುಕೊಳ್ಳಿ. ಮೊದಲನೆಯದರಲ್ಲಿ ವಿದ್ಯುತ್ ಪ್ರವಾಹವನ್ನು ಸ್ಥಿರವಾಗಿಡುವ ಮಂಡಲವಿದ್ದು, ಕೊನೆಯವರೆಗೂ 100 ಲ್ಯೂಮೆನ್ ಕೊಟ್ಟು ಒಮ್ಮೆಲೇ ಆರುತ್ತದೆ. ಎರಡನೆಯದರಲ್ಲಿ ಸೆಲ್ಲುಗಳನ್ನು ಒಂದು ರೋಧಕದ ಮೂಲಕ ನೇರವಾಗಿ ಎಲ್‌ಇಡಿಗೆ ಜೋಡಿಸಿದೆ, ಬೆಳಕು ಘಾತೀಯವಾಗಿ ಕುಸಿಯುತ್ತದೆ. ಮೂರು ಗಂಟೆಗೆ 50, ಐದು ಗಂಟೆಗೆ 32, ಏಳು ಗಂಟೆಗೆ 20, ಹತ್ತಕ್ಕೆ 10 ಲ್ಯೂಮೆನ್. ಮೊದಲನೆಯದು ಕೊಟ್ಟದ್ದು 1000 ಲ್ಯೂಮೆನ್-ಗಂಟೆ, ಎರಡನೆಯದು ಬರೀ 390. ಮಾನಕದ ಕಣ್ಣಿಗೆ ಇಬ್ಬರೂ ಸಮಾನರು! ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಏಕೆ ಲೆಕ್ಕ ಹಾಕಬೇಕು ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚದು.

ಎರಡನೆಯ ಉದಾಹರಣೆ ಇನ್ನೂ ಚಾಣಾಕ್ಷತನದ್ದು. ‘1000 ಲ್ಯೂಮೆನ್, 3 ಗಂಟೆ’ ಎಂಬ ಟಾರ್ಚು. ಹೊತ್ತಿಸಿದ ಮೂರು ನಿಮಿಷ ನಿಜವಾಗಿಯೂ ಸಾವಿರ ಲ್ಯೂಮೆನ್ ಕೊಡುತ್ತದೆ. ಆಮೇಲೆ ತಾನಾಗಿಯೇ 200ಕ್ಕೆ ಇಳಿದು, ಉಳಿದ ಕಾಲವೆಲ್ಲ ಅಲ್ಲೇ ಇರುತ್ತದೆ. ಇನ್ನೂರು ಎಂಬುದು ಸಾವಿರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಾನೆ? ಹಾಗಾಗಿ ಮೂರು ಗಂಟೆಯೂ ಲೆಕ್ಕಕ್ಕೆ ಬಂತು. ಡಬ್ಬಿ ಓದಿದವರು ನಿರೀಕ್ಷಿಸಿದ್ದು 3000 ಲ್ಯೂಮೆನ್-ಗಂಟೆ, ದೊರೆತದ್ದು 640. ಮೇಲೆ ಲೆಕ್ಕ ಹಾಕಿದ 675ರ ದಾಸ್ತಾನಿಗೆ ಇದು ಸರಿಹೊಂದುವುದನ್ನು ಗಮನಿಸಿ. ಟಾರ್ಚು ಶಕ್ತಿ ಕದ್ದಿಲ್ಲ, ಡಬ್ಬಿ ಮಾತ್ರ ಅರ್ಧ ಕತೆ ಹೇಳಿದೆ.

ಬೆಳಕು ಇಳಿಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಾವಿರ ಲ್ಯೂಮೆನ್ ಕೊಡುವಾಗ ಕೋಶದಿಂದ ಸುಮಾರು 14 ವ್ಯಾಟ್ ಹರಿಯುತ್ತದೆ, ಅದರಲ್ಲಿ ಮೂರನೇ ಎರಡು ಭಾಗದಷ್ಟು ಶಾಖವಾಗುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ ಕೊಳವೆ ಅಷ್ಟನ್ನು ಗಾಳಿಗೆ ಬಿಟ್ಟುಕೊಡಲಾರದು. ಇಳಿಸದಿದ್ದರೆ ಕೈ ಸುಡುತ್ತದೆ, ಎಲ್‌ಇಡಿಯ ಆಯುಸ್ಸೂ ಕುಗ್ಗುತ್ತದೆ. ಇಳಿಸಲಿ, ಆದರೆ ಎಷ್ಟು ನಿಮಿಷಕ್ಕೆ ಎಷ್ಟಕ್ಕೆ ಇಳಿಯುತ್ತದೆ ಎಂದು ಬರೆಯಲಿ. ಪ್ರತಿ ಹಂತಕ್ಕೂ ಮೊದಲ ನಿಮಿಷ, ಹತ್ತನೇ ನಿಮಿಷ, ಒಂದನೇ ಗಂಟೆ ಎಂದು ಮೂರು ಸಂಖ್ಯೆ ಕೊಟ್ಟರೂ ಸಾಕು. ಹತ್ತನೇ ಒಂದು ಭಾಗದ ಬದಲು ಅರ್ಧಕ್ಕೆ ಗೆರೆ ಎಳೆದಿದ್ದರೆ ಈ ಎರಡನೆಯ ಟಾರ್ಚು ‘3 ಗಂಟೆ’ ಅಲ್ಲ, ‘3 ನಿಮಿಷ’ ಎಂದು ಬರೆದುಕೊಳ್ಳಬೇಕಾಗುತ್ತಿತ್ತು.

ಕೆಳಗಿನ ಹಂತಗಳ ವಿಷಯದಲ್ಲೂ ಒಂದು ಮಾತು. ಬೆಳಕು ತಗ್ಗಿಸುವ ದಾರಿ ಎರಡು. ಒಂದು, ಪೂರ್ಣ ಪ್ರವಾಹವನ್ನೇ ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುವುದು. ಇನ್ನೊಂದು, ಪ್ರವಾಹವನ್ನೇ ಕಡಿಮೆ ಮಾಡುವುದು. ಪ್ರವಾಹ ಕಡಿಮೆಯಾದಷ್ಟೂ ಎಲ್‌ಇಡಿಯ ದಕ್ಷತೆ ಹೆಚ್ಚುವುದರಿಂದ ಎರಡನೆಯ ಬಗೆಯಲ್ಲಿ ಅದೇ ಕೋಶದಿಂದ ಹೆಚ್ಚು ಲ್ಯೂಮೆನ್-ಗಂಟೆ ಸಿಗುತ್ತದೆ. ನಿಮ್ಮ ಟಾರ್ಚು ಯಾವ ಬಗೆಯದು ಎಂದು ತಿಳಿಯಲು ಕತ್ತಲೆಯಲ್ಲಿ ಅದರ ಮುಂದೆ ಪೆನ್ಸಿಲನ್ನು ಬೀಸಿ. ಒಂದರ ಬದಲು ಬಿಡಿಬಿಡಿಯಾಗಿ ಹಲವು ಪೆನ್ಸಿಲ್ ಕಂಡರೆ ಅದು ಮೊದಲ ಬಗೆ.

ಇದೆಲ್ಲ ಬರೀ ಅಂಗಡಿಯ ಲೆಕ್ಕವೇ? 2025ರ ಮೇ ತಿಂಗಳ ಮಳೆಯಲ್ಲಿ ಕೆ.ಆರ್. ಪುರಂ ಭಾಗದ ಹೊರಮಾವಿನ ಸಾಯಿ ಲೇಔಟ್ ನೀರಿನಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ಮನೆಯೊಳಗೆ ನೀರು ನುಗ್ಗುವ ಇಂಥ ಸಂದರ್ಭದಲ್ಲಿ, ನೀರು ಸ್ವಿಚ್ಚಿನವರೆಗೆ ಏರುವ ಮೊದಲೇ ಮೇನ್ ಸ್ವಿಚ್ ಆರಿಸಬೇಕು. ಆಮೇಲೆ ಬೆಳಗಿನವರೆಗೆ ಟಾರ್ಚೇ ಗತಿ. ಸಂಜೆ ಏಳರಿಂದ ಬೆಳಿಗ್ಗೆ ಆರಕ್ಕೆ ಹನ್ನೊಂದು ಗಂಟೆ. ಮೇಲಿನ ಟಾರ್ಚನ್ನೇ ಅತಿ ಪ್ರಕಾಶದ ಹಂತದಲ್ಲಿಟ್ಟು ಕೂತರೆ ರಾತ್ರಿ ಹತ್ತಕ್ಕೆ ಕತ್ತಲು. ಅದೇ ಟಾರ್ಚಿನ 60 ಲ್ಯೂಮೆನ್ ಹಂತವನ್ನು ಆರಿಸಿ, ಬಿಳಿ ಸುಣ್ಣದ ಸೂರಿನತ್ತ ಮುಖ ಮಾಡಿ ನಿಲ್ಲಿಸಿದರೆ ಐದು ಮೇಣದಬತ್ತಿಯಷ್ಟು ಬೆಳಕು ಕೋಣೆಯಲ್ಲೆಲ್ಲ ಹರಡಿ ಬೆಳಗಿನವರೆಗೆ ಬಾಳುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಓಡಾಡಲು ಅಷ್ಟು ಧಾರಾಳ. ಇಂಥ ಹಂತವೊಂದು ಟಾರ್ಚಿನಲ್ಲಿ ಇದೆಯೇ, ಅದರಲ್ಲಿ ಬೆಳಕು ಸ್ಥಿರವಾಗಿ ನಿಲ್ಲುತ್ತದೆಯೇ ಎಂಬುದನ್ನೇ ಕೊಳ್ಳುವಾಗ ಮೊದಲು ಕೇಳಬೇಕು. ಡಬ್ಬಿಯಲ್ಲಿ ಇದು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿರುತ್ತದೆ, ಇದ್ದರೆ.

ಡಬ್ಬಿ ಹೇಳದ್ದನ್ನು ತರಗತಿಯಲ್ಲೇ ಅಳೆಯಬಹುದು. ಬಿಳಿ ಹಾಳೆಯ ನಡುವೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ನೆಟ್ಟಗೆ ನಿಲ್ಲಿಸಿ. ಕತ್ತಲೆ ಕೋಣೆಯಲ್ಲಿ ಹಾಳೆಯ ಒಂದು ಬದಿಗೆ ಮನೆಯ ಎಲ್‌ಇಡಿ ಬಲ್ಬನ್ನು ಗೊತ್ತಾದ ದೂರದಲ್ಲಿ ಇರಿಸಿ, ಮತ್ತೆ ಕದಲಿಸಬೇಡಿ. ಇನ್ನೊಂದು ಬದಿಗೆ ಟಾರ್ಚು. ಅದರ ಬಾಯಿಗೆ ಟ್ರೇಸಿಂಗ್ ಕಾಗದ ಕಟ್ಟಿ, ಇಲ್ಲದಿದ್ದರೆ ಬೆಳಕು ಕೋಲಿನಂತೆ ಬಿದ್ದು ವಿಲೋಮ ವರ್ಗ ನಿಯಮ ಹೊಂದುವುದಿಲ್ಲ. ಎಣ್ಣೆಯ ಚುಕ್ಕೆ ಮಾಯವಾಗುವವರೆಗೆ ಟಾರ್ಚನ್ನು ಹಿಂದೆ ಮುಂದೆ ಸರಿಸಿ ದೂರ ಗುರುತಿಸಿ. ಆಗ ಹಾಳೆಯ ಎರಡೂ ಬದಿಗೆ ಸಮ ಬೆಳಕು ಬೀಳುತ್ತಿದೆ ಎಂದರ್ಥ. ಹತ್ತು ನಿಮಿಷಕ್ಕೊಮ್ಮೆ ಹೀಗೆ ಮಾಡಿ. ಮೊದಲ ಅಳತೆ 100 ಸೆಂಟಿಮೀಟರ್ ಇದ್ದು ಆಮೇಲೆ 71 ಆದರೆ ಬೆಳಕು ಅರ್ಧವಾಗಿದೆ, 32 ಆದರೆ ಹತ್ತನೇ ಒಂದು ಭಾಗ. ಮೊದಲ ಹತ್ತು ನಿಮಿಷ ಮಾತ್ರ ನಿಮಿಷಕ್ಕೊಂದು ಅಳತೆ ತೆಗೆದುಕೊಳ್ಳಿ, ಕುಸಿತ ಅಡಗಿರುವುದು ಅಲ್ಲೇ. ದೂರದ ವರ್ಗವನ್ನು ಕಾಲದ ಎದುರು ಗ್ರಾಫ್ ಹಾಳೆಯಲ್ಲಿ ಬರೆದು, ಅದರ ಮೇಲೆಯೇ ಡಬ್ಬಿಯ ಮಾತನ್ನು ನಂಬಿದರೆ ಬರಬೇಕಾದ ಅಡ್ಡಗೆರೆಯನ್ನೂ ಎಳೆಯಿರಿ. ಮುಂದಿನ ಟಾರ್ಚು ಕೊಳ್ಳುವಾಗ ಆ ಹಾಳೆಯನ್ನು ಅಂಗಡಿಗೆ ಒಯ್ಯಿರಿ.